ತಪ್ಪು ಮೋಟಾರಿನದಲ್ಲ

ಮಿನಿವ್ಯಾನಿನ ಪವರ್ ಬಾಗಿಲು ಬಿಗಿಯಾಯಿತು ಎನ್ನಿ. ಅಮೆರಿಕದ ಯಾವ ಊರಿನಲ್ಲಿ ಯಾರನ್ನು ಕೇಳಿದರೂ ಬರುವ ಮೊದಲ ಮಾತು, "ಮೋಟಾರ್ ಹೋಗಿರಬೇಕು." ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತವರು ಹೇಳುವುದೂ ಅದೇ, ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತ ಗೆಳೆಯರು ಹೇಳುವುದೂ ಅದೇ. ಮೋಟಾರು, ಕೇಬಲ್ಲು, ಅದನ್ನು ಸುತ್ತುವ ಡ್ರಮ್ಮು ಎಲ್ಲ ಸೇರಿದ ಇಡೀ ಜೋಡಣೆಯನ್ನು ಕಿತ್ತು ಹೊಸದು ಹಾಕಿಸಬೇಕು. ಸಾವಿರ ಡಾಲರಿನ ಮೇಲೆ ಖರ್ಚು. ಅದು ಬೇಡವಾದರೆ ಪವರ್ ಸ್ವಿಚ್ ಆಫ್ ಮಾಡಿ ಕೈಯಿಂದಲೇ ಎಳೆದುಕೊಂಡು ಓಡಾಡಬೇಕು. ಇರುವುದು ಇವೆರಡೇ ದಾರಿ ಎಂಬಂತೆ ಈ ಮಾತು ಬೇರೂರಿಬಿಟ್ಟಿದೆ. ನಡುವೆ ಯಾರಾದರೂ ಒಂದು ಸ್ಪ್ರೇ ಡಬ್ಬಿ ಹಿಡಿದು ಬರುತ್ತಾರೆ, ಅಷ್ಟೆ.

ಈ ತಿಳಿವಳಿಕೆ ಬುಡದಲ್ಲೇ ತಪ್ಪು. ಬಿಗಿತ ಎನ್ನುವುದು ಬಾಗಿಲು ಓಡುವ ಹಾದಿಯ ರೋಗ. ರೈಲು, ರೋಲರು, ಹಿಂಜು, ಕೇಬಲ್ಲು, ಲ್ಯಾಚು ಇವುಗಳಲ್ಲಿ ಎಲ್ಲೋ ಒಂದು ಕಡೆ ಉಜ್ಜಾಟ ಹೆಚ್ಚಿದೆ ಎಂದು ಅದು ಹೇಳುತ್ತಿರುತ್ತದೆ. ಮೋಟಾರು ಆ ಭಾರವನ್ನು ಹೊತ್ತು ಏದುಸಿರು ಬಿಡುತ್ತಿರುತ್ತದೆ. ಭಾರವನ್ನು ಇಳಿಸದೆ ಹೊರುವವನನ್ನು ಬದಲಾಯಿಸುವುದು ರಿಪೇರಿಯಲ್ಲ. ಹೊಸ ಮೋಟಾರು ಹಳೆಯ ಬಿಗಿತವನ್ನೇ ಎಳೆಯುತ್ತದೆ. ಹೊಸತನದ ಕಸುವಿನಲ್ಲಿ ಕೆಲವು ತಿಂಗಳು ಎಳೆದು, ಅದೂ ಸೋಲುತ್ತದೆ. ಆಗ ಗಿರಾಕಿಗೆ ಸಿಗುವ ಸಮಾಧಾನ, "ಈ ಮಾಡೆಲ್ಲೇ ಹಾಗೆ."

ಮೊದಲು ಬಾಗಿಲು ನಿಂತಿರುವ ರೀತಿಯನ್ನೇ ನೋಡೋಣ. ಜಾರುಬಾಗಿಲು ವ್ಯಾನಿಗೆ ಅಂಟಿಕೊಂಡಿರುವುದು ಮೂರು ಕಡೆ. ಮುಂಭಾಗದ ಮೇಲ್ಮೂಲೆಯಲ್ಲೊಂದು ತೋಳು, ಅದರ ತುದಿಯ ರೋಲರು ಚಾವಣಿಯಂಚಿನ ರೈಲಿನಲ್ಲಿ ಓಡುತ್ತದೆ. ಮುಂಭಾಗದ ಕೆಳಮೂಲೆಯಲ್ಲಿ ಇನ್ನೊಂದು, ಅದರ ರೈಲು ಹತ್ತುವ ಮೆಟ್ಟಿಲಿನ ಕೆಳಗೆ ಅಡಗಿರುತ್ತದೆ. ಮೂರನೆಯದು ಹಿಂಭಾಗದ ನಡುವಿನ ಹಿಂಜು. ಅದರ ರೈಲು ವ್ಯಾನಿನ ಹೊರಮೈಯಲ್ಲಿ, ಹಿಂದಿನ ಕಿಟಕಿಯ ಕೆಳಗೆ ಉದ್ದನೆಯ ಸೀಳಿನಂತೆ ಕಾಣುತ್ತದೆ. ಬಾಗಿಲಿನ ಒಳಗೆ ಗಾಜು, ಅದನ್ನು ಇಳಿಸುವ ಯಂತ್ರ, ಲ್ಯಾಚುಗಳು, ಸ್ಪೀಕರು, ಪಕ್ಕದಿಂದ ಬರುವ ಪೆಟ್ಟು ತಡೆಯುವ ಉಕ್ಕಿನ ಅಡ್ಡಪಟ್ಟಿ ಎಲ್ಲ ಸೇರಿ ಒಳ್ಳೆಯ ತೂಕವಿರುತ್ತದೆ. ಆ ತೂಕವೆಲ್ಲ ಹೆಬ್ಬೆರಳಿನ ಗಾತ್ರದ ಕೆಲವೇ ರೋಲರುಗಳ ಮೇಲೆ ಕೂತಿದೆ. ಟೊಯೊಟಾ ಸಿಯೆನ್ನಾ, ಹೋಂಡಾ ಒಡಿಸ್ಸಿಯಂಥ ವ್ಯಾನುಗಳಲ್ಲಿ ಹಿಂದಿನ ಪಕ್ಕದ ಫಲಕದ ಒಳಗೆ ಮೋಟಾರು ಕೂತು, ನಡುರೈಲಿನ ಎರಡೂ ತುದಿಯ ರಾಟೆಗಳ ಮೇಲೆ ಹಾದ ಉಕ್ಕಿನ ಕೇಬಲ್ಲಿನಿಂದ ನಡುಹಿಂಜನ್ನು ಅತ್ತಿತ್ತ ಎಳೆಯುತ್ತದೆ.

ಬಾವಿಯ ರಾಟೆ ತುಕ್ಕು ಹಿಡಿದು, ಹಗ್ಗದ ಎಳೆಗಳು ಬಿಚ್ಚಿ ರಾಟೆಯ ಸಂದಿಗೆ ಸಿಕ್ಕಿಕೊಂಡಾಗ ನೀರು ಸೇದುವವರ ತೋಳಿನಲ್ಲಿ ಶಕ್ತಿಯಿಲ್ಲ ಎಂದು ಯಾರೂ ಹೇಳುವುದಿಲ್ಲ. ಮಿನಿವ್ಯಾನಿನ ವಿಷಯದಲ್ಲಿ ನಾವು ದಿನವೂ ಹೇಳುತ್ತಿರುವುದು ಅದನ್ನೇ.

ಮೋಟಾರಿನ ಮೇಲೆ ಈ ಅಪವಾದ ಬರಲು ಕಾರಣ ಬಾಗಿಲನ್ನು ಆಳುವ ಕಂಟ್ರೋಲ್ ಯೂನಿಟ್ಟಿನ ನಡವಳಿಕೆ. ಬಾಗಿಲು ಎಲ್ಲಿದೆ, ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬುದನ್ನು ಅದು ಸೆನ್ಸರಿನ ಮಿಡಿತಗಳಿಂದ ಲೆಕ್ಕ ಹಾಕುತ್ತಿರುತ್ತದೆ. ವೇಗ ಇರಬೇಕಾದ್ದಕ್ಕಿಂತ ಕಡಿಮೆಯಾದರೆ ಅದು ತಿಳಿಯುವುದು ಒಂದೇ ಅರ್ಥ: ಯಾರದೋ ಕೈಯೋ ಮಗುವಿನ ಕಾಲೋ ನಡುವೆ ಸಿಕ್ಕಿದೆ. ತಕ್ಷಣ ಬಾಗಿಲನ್ನು ನಿಲ್ಲಿಸುತ್ತದೆ ಇಲ್ಲವೇ ಹಿಂದಕ್ಕೆ ಓಡಿಸುತ್ತದೆ, ಬೀಪ್ ಬೀಪ್ ಎಂದು ಕೂಗುತ್ತದೆ. ಮಗುವಿನ ಕಾಲಿಗೂ ರೈಲಿನಲ್ಲಿ ಹೆಪ್ಪುಗಟ್ಟಿದ ಕೊಳೆಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ಅರ್ಧ ಮುಚ್ಚಿ ಮತ್ತೆ ತೆರೆದುಕೊಳ್ಳುವ ಬಾಗಿಲನ್ನು ಕಂಡು ನಾವು ಎಲೆಕ್ಟ್ರಾನಿಕ್ಸ್ ಕೆಟ್ಟಿತು ಎನ್ನುತ್ತೇವೆ. ಆ ಗಳಿಗೆಯಲ್ಲಿ ಇಡೀ ಬಾಗಿಲಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವುದು ಆ ಎಲೆಕ್ಟ್ರಾನಿಕ್ಸ್ ಒಂದೇ.

ಇದು ನನ್ನೊಬ್ಬನ ಅಭಿಪ್ರಾಯ ಎಂದು ಪಕ್ಕಕ್ಕಿಡುವವರು 2019ರ ಒಂದು ದಾಖಲೆಯನ್ನು ನೋಡಲಿ. 2011ರಿಂದ 2018ರವರೆಗಿನ ಸಿಯೆನ್ನಾ ವ್ಯಾನುಗಳ ಪವರ್ ಬಾಗಿಲಿನ ಬಗ್ಗೆ ಮಾಲೀಕರು ಟೊಯೊಟಾ ಕಂಪನಿಯ ಮೇಲೆ ಹೂಡಿದ್ದ ಸಾಮೂಹಿಕ ದಾವೆ ಕನೆಕ್ಟಿಕಟ್ಟಿನ ಫೆಡರಲ್ ಕೋರ್ಟಿನಲ್ಲಿ ಆ ವರ್ಷ ರಾಜಿಯಲ್ಲಿ ಮುಗಿಯಿತು. ತೆರೆಯಲು ಮುಚ್ಚಲು ಅಡ್ಡಿಯಾಗುವ ಬಾಗಿಲುಗಳಿಗೆ ದೀರ್ಘಾವಧಿಯ ರಿಪೇರಿ ರಕ್ಷಣೆ ಕೊಡಲು ಕಂಪನಿ ಒಪ್ಪಿತು. ಆ ರಕ್ಷಣೆಗೆ ಹೆಸರಿಸಿದ ಭಾಗಗಳು ಯಾವುವು? ಕೇಬಲ್ ಜೋಡಣೆ, ನಡುಹಿಂಜು, ಮುಂದಿನ ಮತ್ತು ಹಿಂದಿನ ಲಾಕುಗಳು, ಪೆಟ್ರೋಲ್ ಮುಚ್ಚಳದ ಪಿನ್ನು ಮತ್ತು ಹಿಂಜು. ಎಲ್ಲವೂ ಉಜ್ಜುವ, ಸವೆಯುವ, ತುಕ್ಕು ಹಿಡಿಯುವ, ಸಿಕ್ಕಿಕೊಳ್ಳುವ ಭಾಗಗಳು. ಲಕ್ಷಾಂತರ ಬಾಗಿಲುಗಳ ಅನುಭವ ಹಿಂದಿದ್ದ ಒಪ್ಪಂದವೊಂದು ರೋಗದ ಜಾಗವೆಂದು ಬೆರಳು ಮಾಡಿದ್ದು ಇವನ್ನು.

ಪೆಟ್ರೋಲ್ ಮುಚ್ಚಳದ ಪಿನ್ನು ಆ ಪಟ್ಟಿಗೆ ಯಾಕೆ ಬಂತು ಎಂದು ಹಲವರಿಗೆ ಅಚ್ಚರಿಯಾಗಬಹುದು. ಸಿಯೆನ್ನಾದಲ್ಲಿ ಟ್ಯಾಂಕಿನ ಬಾಯಿ ಎಡಗಡೆಗಿದೆ. ಪೆಟ್ರೋಲ್ ತುಂಬುವಾಗ ಎಡಬಾಗಿಲು ಹಿಂದಕ್ಕೆ ಸರಿದರೆ ಪಂಪಿನ ನಳಿಕೆಗೆ ಬಡಿಯುತ್ತದೆ. ಅದಕ್ಕೆ ಮುಚ್ಚಳ ತೆರೆದಿರುವಷ್ಟು ಹೊತ್ತು ಬಾಗಿಲು ಪೂರ್ತಿ ಸರಿಯದಂತೆ ತಡೆ ಇಟ್ಟಿದ್ದಾರೆ. ಆ ಪುಟ್ಟ ಪಿನ್ನು ತುಕ್ಕು ಹಿಡಿದು ತನ್ನ ಜಾಗದಲ್ಲೇ ಕಚ್ಚಿಕೊಂಡರೆ, ಮುಚ್ಚಳ ಹಾಕಿದ್ದರೂ ತಡೆ ತೆರವಾಗುವುದಿಲ್ಲ. ಬಾಗಿಲು ಸ್ವಲ್ಪ ಸರಿದು ಗಕ್ಕನೆ ನಿಲ್ಲುತ್ತದೆ. ಎಡಬಾಗಿಲು ಮಾತ್ರ ಪ್ರತಿಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನು. ಇಂಥ ಕಡ್ಡಿಯಷ್ಟು ಭಾಗದ ತಪ್ಪಿಗೆ ಮೋಟಾರು ಬದಲಾಯಿಸುವ ಅಂದಾಜುಪಟ್ಟಿಯನ್ನು ಗಿರಾಕಿಯ ಕೈಗಿಡುವುದು ಅನ್ಯಾಯ. ಆ ಮಾತನ್ನು ನಾನು ಮೆದು ಮಾಡಲಾರೆ.

ಹಾಗಾದರೆ ರೋಗದ ಜಾಗ ಹುಡುಕುವುದು ಹೇಗೆ? ಕಷ್ಟವೇನಿಲ್ಲ, ಅದಕ್ಕೇ ನನಗೆ ಸಿಟ್ಟು. ವ್ಯಾನನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಬೇಕು. ಇಳಿಜಾರಿನಲ್ಲಿ ಯಾವ ಬಾಗಿಲೂ ಒಂದು ದಿಕ್ಕಿಗೆ ಭಾರವೇ. ಡ್ರೈವರ್ ಬಳಿಯ ಸ್ವಿಚ್ಚಿನಿಂದ ಪವರ್ ಬಾಗಿಲನ್ನು ಆಫ್ ಮಾಡಬೇಕು. ಆಗ ಮೋಟಾರಿಗೂ ಡ್ರಮ್ಮಿಗೂ ನಡುವೆ ಇರುವ ಕ್ಲಚ್ಚು ಕೈಬಿಟ್ಟು, ಬಾಗಿಲು ಕೈಯೆಳೆತಕ್ಕೆ ಸಿಗುತ್ತದೆ. ಈಗ ಎರಡೂ ಪಕ್ಕದ ಬಾಗಿಲುಗಳನ್ನು ಕೈಯಲ್ಲಿ ಎಳೆದು ನೋಡಿ. ಇದಕ್ಕಿಂತ ಒಳ್ಳೆಯ ಅಳತೆಗೋಲು ಯಾವ ಸರ್ವಿಸ್ ಸೆಂಟರಿನಲ್ಲೂ ಇಲ್ಲ: ಅದೇ ವ್ಯಾನು, ಅದೇ ವಯಸ್ಸು, ಅದೇ ವಿನ್ಯಾಸ, ಒಂದು ಬಾಗಿಲು ಹಗುರ, ಒಂದು ಬಿಗಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಬಲಬಾಗಿಲು, ಯಾಕೆಂದರೆ ಫುಟ್‌ಪಾತಿನ ಕಡೆ ಇರುವುದು ಅದು, ಶಾಲೆಯ ಮುಂದೆ ಮಕ್ಕಳು ಇಳಿಯುವುದು ಅದರಿಂದ.

ಕೈಯಲ್ಲಿ ಎಳೆದರೂ ಬಿಗಿಯೆಂದರೆ ಮೋಟಾರು ಹೆಚ್ಚುಕಡಿಮೆ ಆರೋಪಮುಕ್ತ. ಬಿಗಿತ ಪೂರ್ತಿ ದಾರಿಗಿದೆಯೋ ಒಂದೆರಡು ಜಾಗದಲ್ಲಿದೆಯೋ ನೋಡಬೇಕು. ಒಂದೇ ಜಾಗದಲ್ಲಿ ಕಡ್ ಎಂದರೆ ರೈಲಿನಲ್ಲಿ ಕಲ್ಲೋ ನೆಗ್ಗೋ ಇದೆ. ದಾರಿಯುದ್ದಕ್ಕೂ ತಾಳಬದ್ಧವಾಗಿ ಎಡವುತ್ತಿದ್ದರೆ ರೋಲರಿನ ನೈಲಾನ್ ಒಂದು ಕಡೆ ಚಪ್ಪಟೆಯಾಗಿದೆ. ಸುತ್ತುವುದನ್ನು ಬಿಟ್ಟು ಎಳೆದುಕೊಂಡು ಹೋಗುತ್ತಿದ್ದುದರ ಗುರುತು ಅದು. ಕೊನೆಯ ಒಂದು ಗೇಣಿನಲ್ಲಿ ಮಾತ್ರ ಬಿಗಿಯೆಂದರೆ ಲ್ಯಾಚಿನ ಕಡೆ, ಸುತ್ತಲಿನ ರಬ್ಬರಿನ ಕಡೆ, ಬಾಗಿಲು ಜೋತಿದೆಯೇ ಎಂಬ ಕಡೆ ಗಮನ ಹೋಗಬೇಕು. ಬಾಗಿಲನ್ನು ಅರ್ಧ ತೆರೆದು ಹಿಂದಂಚನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ನೋಡಿ. ಸಡಿಲವಾಗಿ ಮೇಲೆ ಕೆಳಗೆ ಆಡಿದರೆ ನಡುಹಿಂಜಿನ ರೋಲರು ಸವೆದಿದೆ. ಹಾಗೆ ಜೋತ ಬಾಗಿಲು, ಲ್ಯಾಚು ಕಚ್ಚಿಕೊಳ್ಳುವ ಸ್ಟ್ರೈಕರಿನ ನೇರಕ್ಕೆ ಬಂದು ಕೂರುವುದಿಲ್ಲ. ಮುಚ್ಚುವಾಗಲೆಲ್ಲ ಅದನ್ನು ಎತ್ತಿ ಕೂರಿಸುವ ಕೆಲಸ ಲ್ಯಾಚಿನ ಪುಟ್ಟ ಮೋಟಾರಿನ ತಲೆಗೆ ಬೀಳುತ್ತದೆ. ಆಮೇಲೆ ಲ್ಯಾಚೂ ಹೋಗುತ್ತದೆ. ಒಂದು ರೋಲರಿನ ಸವೆತ ಹೀಗೆ ಮೂರು ಬಿಲ್ಲುಗಳಾಗಿ ಬೆಳೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ನಿರ್ಣಾಯಕ ಪರೀಕ್ಷೆ ಇನ್ನೊಂದಿದೆ. ಬ್ಯಾಟರಿ ಸಂಪರ್ಕ ತೆಗೆದು, ಕೈಗೆ ದಪ್ಪ ಗವಸು ಹಾಕಿಕೊಂಡು, ನಡುಹಿಂಜಿನಿಂದ ಕೇಬಲ್ಲನ್ನು ಬಿಡಿಸಿ ಬಾಗಿಲನ್ನು ಎಳೆಯುವುದು. ಈಗಲೂ ಬಿಗಿಯೆಂದರೆ ತಪ್ಪು ರೋಲರು ರೈಲುಗಳದು. ಹಗುರವಾಗಿ ಓಡಿದರೆ ಕೇಬಲ್ಲಿನದು, ರಾಟೆಗಳದು. ಗವಸನ್ನು ಒತ್ತಿ ಹೇಳಲು ಕಾರಣ, ಕೆಟ್ಟ ಕೇಬಲ್ಲು ಬೆರಳಿಗೆ ಸೂಜಿಯಂತೆ ನಾಟುತ್ತದೆ. ರಾಟೆಯ ಬಳಿ ಬಾಗುವ ಜಾಗದಲ್ಲಿ ಮೊದಲು ಅದರ ಪ್ಲಾಸ್ಟಿಕ್ ಹೊದಿಕೆ ಬಿರಿಯುತ್ತದೆ, ಬಿರುಕಿನಿಂದ ನೀರು ಇಳಿಯುತ್ತದೆ, ಒಳಗಿನ ಉಕ್ಕಿನ ಎಳೆಗಳು ಒಂದೊಂದಾಗಿ ತುಂಡಾಗಿ ಹೊರಗೆ ನಿಗುರುತ್ತವೆ. ಮಿಷಿಗನ್, ನ್ಯೂಜೆರ್ಸಿಯಂಥ ಕಡೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರಲ್ಲ, ಆ ಉಪ್ಪುನೀರು ಕೆಳರೈಲಿಗೂ ನಡುರೈಲಿಗೂ ನೇರವಾಗಿ ಸಿಡಿಯುತ್ತದೆ. ಉಪ್ಪು ತಿಂದ ಉಕ್ಕು ಸಪ್ಪಳ ಮಾಡಿಯೇ ಸಾಯುತ್ತದೆ. ಕಿರುಗುಟ್ಟುವಿಕೆ, ಟಿಕ್ ಟಿಕ್ ಸದ್ದು ತಿಂಗಳುಗಟ್ಟಲೆ ಮುಂಚೆಯೇ ಕೇಳುತ್ತಿರುತ್ತದೆ. ಮೋಟಾರಿನ ಕಥೆಯನ್ನು ನಂಬಿದವರು ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಸ್ಪ್ರೇ ಡಬ್ಬಿಯ ವಿಚಾರಕ್ಕೆ ಹೆಚ್ಚು ಜಾಗ ಬೇಡ. ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಸ್ಯಾನ್ ಡಿಯೆಗೊದಲ್ಲಿ, ಲೋಹದಿಂದ ನೀರನ್ನು ದೂಡಿ ತುಕ್ಕು ತಡೆಯುವುದಕ್ಕೆ. ತುಕ್ಕು ಹಿಡಿದ ನಟ್ಟು ಸಡಿಲಿಸಲು ಅದು ಒಳ್ಳೆಯದು. ರೋಲರಿನ ಬೇರಿಂಗಿಗೆ ಹೊಡೆದರೆ ಅಲ್ಲಿ ಉಳಿದಿದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ರೈಲಿಗೆ ಗ್ರೀಸು ಬಳಿಯುವ ಹವ್ಯಾಸ ಇನ್ನೂ ಕೆಟ್ಟದ್ದು: ಅದರ ಮೇಲೆ ಮರಳು ಕೂತು ಉಜ್ಜುಪುಡಿಯಾಗುತ್ತದೆ, ಚಳಿಗೆ ಅಂಟಿನಂತೆ ಗಟ್ಟಿಯಾಗುತ್ತದೆ. ರೋಲರು ರೈಲಿನ ಮೇಲೆ ಉರುಳಬೇಕಾದದ್ದು. ಉರುಳುವುದಕ್ಕೆ ಬೇಕಾಗಿರುವುದು ಚೊಕ್ಕಟವಾದ ಹಾದಿ. ಬ್ರಷ್ಷು, ಬಟ್ಟೆ, ವ್ಯಾಕ್ಯೂಮ್ ಕ್ಲೀನರಿನ ಸಪೂರ ಮೂತಿ, ಇಷ್ಟರಿಂದ ಕೆಳರೈಲಿನಲ್ಲಿ ಸೇರಿದ ಮರಳು, ಬಿಸ್ಕತ್ತಿನ ಪುಡಿ, ಮಕ್ಕಳ ಆಟಿಕೆಯ ಚೂರು ಎಲ್ಲ ಹೊರಗೆ ಬರುತ್ತವೆ. ಎಣ್ಣೆ ಬೇಕಾಗುವುದು ತೋಳುಗಳು ತಿರುಗುವ ಕೀಲಿಗೆ, ಅದೂ ತೀರಾ ತೆಳುವಾಗಿ.

ಸ್ವಿಚ್ ಆಫ್ ಮಾಡಿ ಬಿಟ್ಟುಬಿಡಿ ಎನ್ನುವವರ ಮಾತು ನನಗೆ ಇವೆಲ್ಲಕ್ಕಿಂತ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ. ಬಿಗಿತ ಬರೀ ಅನಾನುಕೂಲ, ಅದರ ಜೊತೆ ಬದುಕಬಹುದು ಎಂಬ ಭಾವ ಅದರ ಹಿಂದಿದೆ. 2016ರ ನವೆಂಬರಿನಲ್ಲಿ ಟೊಯೊಟಾ ಅಮೆರಿಕದಲ್ಲಿ 2011ರಿಂದ 2016ರವರೆಗಿನ ಸುಮಾರು 7.44 ಲಕ್ಷ ಸಿಯೆನ್ನಾಗಳನ್ನು ವಾಪಸು ಕರೆಸಿತು. ಕಾರಣ ಬಾಗಿಲಿಗೆ ಬಂದ ಅಡ್ಡಿ. ಬಾಗಿಲು ತೆರೆಯಲು ಏನಾದರೂ ತಡೆಯಾದರೆ, ಉದಾಹರಣೆಗೆ ಚಳಿಗೆ ಹೆಪ್ಪುಗಟ್ಟಿ ಕಚ್ಚಿಕೊಂಡರೆ, ಮೋಟಾರಿನ ಸರ್ಕ್ಯೂಟಿನಲ್ಲಿ ಕರೆಂಟು ಏರಿ ಫ್ಯೂಸ್ ಹೋಗುವ ಸಾಧ್ಯತೆಯಿತ್ತು. ಆ ಗಳಿಗೆಯಲ್ಲಿ ಲ್ಯಾಚು ಬಿಚ್ಚಿದ ಸ್ಥಿತಿಯಲ್ಲಿದ್ದರೆ ವ್ಯಾನು ಓಡುತ್ತಿರುವಾಗಲೇ ಬಾಗಿಲು ತೆರೆದುಕೊಳ್ಳಬಹುದಿತ್ತು. ಎಂದರೆ ಸಲೀಸಾಗಿ ಸರಿಯದ ಒಂದು ಬಾಗಿಲಿನಿಂದ ಹೊರಟ ಸರಪಳಿ ಹೈವೇಯಲ್ಲಿ ತೆರೆದ ಬಾಗಿಲಿನವರೆಗೆ ಹೋಗಬಲ್ಲದು ಎಂದು ತಯಾರಕರೇ ಒಪ್ಪಿಕೊಂಡಂತಾಯಿತು. ಇಷ್ಟಾದ ಮೇಲೂ ಬಿಗಿತದ ಜೊತೆ ಬದುಕಿ ಎಂದು ಬುದ್ಧಿ ಹೇಳುವುದು ಸಲ್ಲದು.

ಬದುಕುವುದು ಯಾರು ಎಂಬುದನ್ನೂ ಕೇಳಬೇಕು. ಬೇಸಿಗೆಯಲ್ಲಿ ಶಿವಮೊಗ್ಗದಿಂದಲೋ ಧಾರವಾಡದಿಂದಲೋ ಬಂದ ಅಪ್ಪ ಅಮ್ಮ ಈ ವ್ಯಾನುಗಳಲ್ಲಿ ಕೂರುವುದು ನಡುಸಾಲಿನಲ್ಲಿ. ಮಂಡಿನೋವಿನ ಅಮ್ಮನಿಗೆ ತಗ್ಗಿನ ಮೆಟ್ಟಿಲು, ಅಗಲ ಬಾಗಿಲು ಬೇಕೆಂದೇ ಎಷ್ಟೋ ಮನೆಗಳಲ್ಲಿ ಮಿನಿವ್ಯಾನು ಕೊಂಡಿರುತ್ತಾರೆ. ಆ ಬಾಗಿಲನ್ನು ಆಕೆ ಭುಜ ಕೊಟ್ಟು ಎಳೆಯಬೇಕಾದರೆ ವ್ಯಾನು ಕೊಂಡ ಉದ್ದೇಶವೇ ಹೋಯಿತು. ಪವರ್ ಸ್ವಿಚ್ ಆಫ್ ಮಾಡಿದರೆ ಕ್ಲಚ್ಚು ಬಿಡುತ್ತದೆ, ನಿಜ. ಆದರೆ ಎಳೆಬಿಚ್ಚಿದ ಕೇಬಲ್ಲು, ಚಪ್ಪಟೆ ರೋಲರು ಇದ್ದಲ್ಲೇ ಇರುತ್ತವೆ. ಮೋಟಾರು ಹೊರುತ್ತಿದ್ದ ಭಾರ ಅಮ್ಮನ ಭುಜಕ್ಕೆ ವರ್ಗವಾಗುತ್ತದೆ.

ನನ್ನ ಮಾತಿಗೆ ಬರುವ ಗಟ್ಟಿ ಆಕ್ಷೇಪಣೆ ಕೂಲಿಯದು. ಅಮೆರಿಕದಲ್ಲಿ ಮೆಕ್ಯಾನಿಕ್ಕಿನ ಗಂಟೆಗೆ ನೂರು ಡಾಲರಿಗೂ ಮೇಲಿನ ದರ. ಬಿಡಿಬಿಡಿಯಾಗಿ ಹುಡುಕಿ ಕೂರುವ ಬದಲು ಇಡೀ ಜೋಡಣೆಯನ್ನು ಒಮ್ಮೆಗೇ ಬದಲಾಯಿಸಿದರೆ ಮುಗಿಯಿತಲ್ಲ, ಕೊನೆಗೆ ಗಿರಾಕಿಗೂ ಉಳಿತಾಯವಲ್ಲವೇ ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಕೇಬಲ್ಲೇ ತುಂಡಾಗಿದ್ದರೆ, ಡ್ರಮ್ಮಿನೊಳಗೆ ಸಿಕ್ಕಾಗಿದ್ದರೆ, ಹಿಂದಿನ ಫಲಕವನ್ನು ಹೇಗೂ ಬಿಚ್ಚಬೇಕಾದ್ದರಿಂದ ಇಡೀ ಜೋಡಣೆ ಹಾಕುವುದು ತಪ್ಪಲ್ಲ. ಆದರೆ ಮೇಲೆ ಹೇಳಿದ ಕೈಪರೀಕ್ಷೆ ಗಂಟೆಯ ಕೆಲಸವಲ್ಲ, ಕೆಲವು ನಿಮಿಷಗಳದ್ದು. ಆ ನಿಮಿಷಗಳನ್ನು ಉಳಿಸಿ ಸಾವಿರ ಡಾಲರಿನ ಭಾಗಕ್ಕೆ ಕೈಹಾಕುವುದನ್ನು ಮಿತವ್ಯಯ ಎನ್ನಲಾಗದು. ರೋಲರು ಹೊರಗಿನಿಂದಲೇ ಕೈಗೆ ಸಿಗುವ ಭಾಗ. ಅದರ ಬೆಲೆ ಇಡೀ ಜೋಡಣೆಯ ಬೆಲೆಗೆ ಹೋಲಿಸಿದರೆ ಏನೇನೂ ಅಲ್ಲ.

ಮೋಟಾರುಗಳು ಕೆಡುವುದೇ ಇಲ್ಲವೇ? ಕೆಡುತ್ತವೆ. ಕೈಗೆ ಬಾಗಿಲು ಹಗುರವಾಗಿ ಓಡುತ್ತದೆ, ಬ್ಯಾಟರಿ ಗಟ್ಟಿಯಾಗಿದೆ, ಫ್ಯೂಸ್ ಸರಿಯಿದೆ, ಬಾಗಿಲಿಗೆ ಹೋಗುವ ವೈರಿನ ಗೊಂಚಲು ಮಡಿಕೆಯಲ್ಲಿ ತುಂಡಾಗಿಲ್ಲ, ಬಟನ್ ಒತ್ತಿದರೆ ಕ್ಲಚ್ಚು ಕಚ್ಚಿದ ಸದ್ದು ಬಂದರೂ ಎಳೆತವಿಲ್ಲ: ಆಗ ಮೋಟಾರಿನ ಕಡೆ ನೋಡುವುದು ನ್ಯಾಯ. ಆದರೆ ಇದು ಬಿಗಿ ಬಾಗಿಲಿನ ವರ್ಣನೆಯಲ್ಲ, ನಿಶ್ಚಲ ಬಾಗಿಲಿನದು. ಎರಡು ಬೇರೆ ರೋಗಗಳಿಗೆ ಒಂದೇ ಔಷಧಿ ಬರೆಯುವ ಅಭ್ಯಾಸವನ್ನೇ ನಾನು ಖಂಡಿಸುತ್ತಿರುವುದು. ಇನ್ನು ಬ್ಯಾಟರಿ ತೆಗೆದು ಹಾಕಿದ ಮೇಲೆ ಬಾಗಿಲು ಪವರಿಗೆ ಸ್ಪಂದಿಸದಿದ್ದರೆ ಗಾಬರಿ ಬೇಡ. ಹಲವು ವ್ಯಾನುಗಳಲ್ಲಿ ಒಮ್ಮೆ ಕೈಯಿಂದ ಪೂರ್ತಿ ಮುಚ್ಚಿದರೆ ಕಂಟ್ರೋಲ್ ಯೂನಿಟ್ಟು ತನ್ನ ಲೆಕ್ಕವನ್ನು ಮತ್ತೆ ಹಿಡಿದುಕೊಳ್ಳುತ್ತದೆ. ಅದಕ್ಕೂ ಮೋಟಾರು ಬದಲಾಯಿಸಿಕೊಂಡವರಿದ್ದಾರೆ.

ತಯಾರಕರ ಪಾಲಿನ ಹೊಣೆಯನ್ನೂ ಹೇಳಬೇಕು. ಕ್ರೈಸ್ಲರ್ ಕಂಪನಿ 1984ರ ಮಾಡೆಲಿನ ಡಾಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ತಂದಾಗ ಜಾರುಬಾಗಿಲಿದ್ದದ್ದು ಒಂದೇ ಪಕ್ಕಕ್ಕೆ, ಅದೂ ಕೈಯಿಂದ ಎಳೆಯುವುದು. ಡ್ರೈವರ್ ಕಡೆಯ ಎರಡನೆಯ ಬಾಗಿಲು 1996ರ ಮಾಡೆಲಿಗೆ ಬಂತು. ಕೈಯೆಳೆತದ ಕಾಲದಲ್ಲಿ ಬಾಗಿಲಿನ ಆರೋಗ್ಯ ದಿನವೂ ಅಂಗೈಗೆ ತಿಳಿಯುತ್ತಿತ್ತು. ಸ್ವಲ್ಪ ಬಿಗಿಯಾದರೆ ಅದೇ ವಾರ ಗೊತ್ತಾಗುತ್ತಿತ್ತು. ಮೋಟಾರು ಬಂದ ಮೇಲೆ ಆ ಸುದ್ದಿ ನಮ್ಮನ್ನು ತಲುಪುವುದು ನಿಂತಿತು. ಮೋಟಾರು ವರ್ಷಗಟ್ಟಲೆ ತಾಳಿಕೊಂಡು, ಕೈಚೆಲ್ಲಿದ ದಿನವೇ ನಮಗೆ ತಿಳಿಯುವುದು. ಹೀಗಿರುವಾಗ ರೈಲು ಶುಚಿ ಮಾಡುವುದು, ರೋಲರು ಪರೀಕ್ಷಿಸುವುದು ಎಂಜಿನ್ ಆಯಿಲ್ ಬದಲಾವಣೆಯಷ್ಟೇ ಖಚಿತವಾಗಿ ಸರ್ವಿಸ್ ಪಟ್ಟಿಯಲ್ಲಿ ಬರಬೇಕಿತ್ತು. ಬೇಗ ಸವೆಯುವ ಕೇಬಲ್ಲನ್ನು ಅಷ್ಟು ಬೇಗ ಸವೆಯದ ಮೋಟಾರಿನ ಜೊತೆ ಕಟ್ಟಿ ಒಂದೇ ಭಾಗವಾಗಿ ಮಾರುವುದು ನಿಲ್ಲಬೇಕು. ಕೇಬಲ್ಲನ್ನು ಬಿಡಿಯಾಗಿ ಮಾಡಿ ಮಾರುವ ಚಿಕ್ಕ ತಯಾರಕರು ಹುಟ್ಟಿಕೊಂಡಿದ್ದಾರೆ. ಅದು ಸಾಧ್ಯ ಎಂಬುದಕ್ಕೆ ಅವರೇ ಸಾಕ್ಷಿ.

ಕರ್ನಾಟಕದ ಓದುಗರಿಗೆ ಇದು ದೂರದ ಸಂಗತಿ ಅನ್ನಿಸಬಾರದು. 1984ರಲ್ಲಿ ಬಂದ ಮಾರುತಿ ವ್ಯಾನು, ಮುಂದೆ ಓಮ್ನಿಯಾಗಿ 2019ರವರೆಗೆ ತಯಾರಾಯಿತು. ನಮ್ಮ ತಾಲ್ಲೂಕು ಗ್ಯಾರೇಜುಗಳ ಮೆಕ್ಯಾನಿಕ್ಕುಗಳು ಅದರ ಜಾರುಬಾಗಿಲುಗಳ ಮೇಲೆ ಕೈ ಪಳಗಿಸಿಕೊಂಡವರು. ಬಾಗಿಲು ಟೈಟಾಗಿದೆ ಎಂದು ಹೋದರೆ ಅವರು ಮೊದಲು ಎಳೆದು ನೋಡುತ್ತಾರೆ, ಎತ್ತಿ ನೋಡುತ್ತಾರೆ, ರೈಲಿಗೆ ಬಟ್ಟೆ ಹಾಕುತ್ತಾರೆ, ರೋಲರು ಬದಲಾಯಿಸುತ್ತಾರೆ. ದೂರಲು ಅಲ್ಲಿ ಮೋಟಾರೇ ಇಲ್ಲವಾದ್ದರಿಂದ ನೇರವಾಗಿ ರೋಗದ ಜಾಗಕ್ಕೇ ಕೈ ಹೋಗುತ್ತದೆ. 2020ರ ಫೆಬ್ರುವರಿಯಲ್ಲಿ ಕಿಯಾ ಕಾರ್ನಿವಲ್, ಟೊಯೊಟಾ ವೆಲ್‌ಫೈರ್ ಎರಡೂ ಭಾರತಕ್ಕೆ ಬಂದವು, ಎರಡಕ್ಕೂ ಪವರ್ ಜಾರುಬಾಗಿಲು. ನಮ್ಮಲ್ಲಿ ಹಿಮದ ಉಪ್ಪಿಲ್ಲ. ಆದರೆ ಬೆಂಗಳೂರಿನ ಕಟ್ಟಡ ಕಾಮಗಾರಿಯ ಧೂಳಿದೆ, ಮಲೆನಾಡಿನ ಕೆಂಪು ಮಣ್ಣಿದೆ, ಮಂಗಳೂರು ಕಾರವಾರಗಳ ಕಡಲಗಾಳಿಯಿದೆ. ಆ ಮೊದಲ ವ್ಯಾನುಗಳು ಈಗ ವಾರಂಟಿಯ ವಯಸ್ಸನ್ನು ದಾಟಿವೆ. ಅವುಗಳ ಮಾಲೀಕರು ಮೋಟಾರಿನ ಅಂದಾಜುಪಟ್ಟಿಗೆ ಸಹಿ ಹಾಕುವ ಮುನ್ನ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಲಿ: ಪವರ್ ಆಫ್ ಮಾಡಿ ಕೈಯಲ್ಲಿ ಎಳೆದಾಗ ಈ ಬಾಗಿಲಿಗೂ ಆಚೆ ಬಾಗಿಲಿಗೂ ಇದ್ದ ವ್ಯತ್ಯಾಸವೇನು, ಕೇಬಲ್ ಬಿಡಿಸಿದ ಮೇಲೆ ಬಿಗಿತ ಉಳಿಯಿತೇ ಹೋಯಿತೇ, ನಡುಹಿಂಜಿನ ರೋಲರನ್ನು ಕಣ್ಣಾರೆ ನೋಡಿದವರು ಯಾರು. ಉತ್ತರ ಕೊಡಲಾರದ ಗ್ಯಾರೇಜಿನಿಂದ ವ್ಯಾನನ್ನು ಹಾಗೆಯೇ ವಾಪಸು ತೆಗೆದುಕೊಂಡು ಹೋಗಿ, ಓಮ್ನಿಯ ಬಾಗಿಲು ಬಿಚ್ಚಿ ಗೊತ್ತಿರುವವರ ಹತ್ತಿರ ಮೊದಲು ತೋರಿಸಲಿ.